ಹುಟ್ಟಿನಿಂದಲೇ ಇರುವ ಜೀನ್ 45 ವರ್ಷ ಯಾಕೆ ಸುಮ್ಮನಿರುತ್ತದೆ? ಹಂಟಿಂಗ್ಟನ್ ಬಗ್ಗೆ ಒಂದು ಪ್ರಶ್ನೆ

ಶರಾವತಿ ದಂಡೆ:

ನಮಸ್ಕಾರ. ನಾನು ಹೊನ್ನಾವರದ ಕಡೆಯವಳು, ವಯಸ್ಸು 27. ಅಪ್ಪನಿಗೆ ಹಂಟಿಂಗ್ಟನ್ ಕಾಯಿಲೆ (ಮೆದುಳಿನ ನರಕೋಶ ಸಾಯುವ, ವಂಶದಲ್ಲಿ ಬರುವ ಕಾಯಿಲೆ) ಅಂತ ಹೋದ ವರ್ಷ ಗೊತ್ತಾಯಿತು. ರಿಪೋರ್ಟಿನಲ್ಲಿ ಸಿಎಜಿ 17/44 ಎಂದು ಬರೆದಿದೆ.

ಅಪ್ಪನದು ಕಿರಾಣಿ ಅಂಗಡಿ. ಯಕ್ಷಗಾನದ ಆಟ ಇದ್ದ ದಿನ ಮದ್ದಲೆಗೆ ಕೂರುತ್ತಿದ್ದರು. ಮೊದಲು ಕಂಡಿದ್ದು ಅಲ್ಲೇ. ಒಂದು ರಾತ್ರಿ ಪದ್ಯದ ನಡುವೆ ಎಡಗೈಯ ಎರಡು ಬೆರಳು ತಾಳಕ್ಕೆ ಸಂಬಂಧವೇ ಇಲ್ಲದೆ ಮದ್ದಲೆಯ ಮೇಲೆ ಬಿದ್ದವು. ಭಾಗವತರು ಹಾಡುತ್ತಲೇ ತಿರುಗಿ ನೋಡಿದರು. ಅಪ್ಪನಿಗೆ ಅದು ತಿಳಿಯಲೇ ಇಲ್ಲ. ಆಮೇಲೆ ಕಾಲು, ಭುಜ, ಹುಬ್ಬು ಎಲ್ಲ ತಾವಾಗಿ ಅಲುಗಲು ಶುರುವಾಯಿತು. ಡಾಕ್ಟರು ನಾಲಿಗೆ ಹೊರಗೆ ಹಾಕಿ ಹಿಡಿದುಕೊಳ್ಳಿ ಎಂದರು. ಅಪ್ಪನ ನಾಲಿಗೆ ಕ್ಷಣದಲ್ಲಿ ಒಳಗೆ ಹೋಯಿತು, ಮತ್ತೆ ಹಾಕಿದರು, ಮತ್ತೆ ಹೋಯಿತು. ಡಾಕ್ಟರ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದಾಗ ಹಿಡಿತ ಹಾಲು ಕರೆದ ಹಾಗೆ ಬಿಗಿಯಾಗಿ ಸಡಿಲವಾಗುತ್ತಿತ್ತು. ಅಷ್ಟು ನೋಡಿಯೇ ಅವರು ಮನೆಯಲ್ಲಿ ಮತ್ತೆ ಯಾರಿಗೆ ಹೀಗಿತ್ತು ಎಂದು ಕೇಳಿದರು.

ಇತ್ತು. ಅಜ್ಜಿಗೆ ಮೈಯೆಲ್ಲ ಕುಣಿಯುತ್ತಿತ್ತಂತೆ. ಗಾಳಿ ಸೋಂಕು ಅಂದರು, ಗೋಕರ್ಣದಲ್ಲಿ ಪೂಜೆ ಮಾಡಿಸಿದರು. ದೊಡ್ಡಪ್ಪನನ್ನು ಊರವರು ಕುಡುಕ ಅಂತಲೇ ತಿಳಿದಿದ್ದರು. ಅವರು ಒಂದು ತೊಟ್ಟು ಮುಟ್ಟಿದವರಲ್ಲ.

ನನಗೆ ಮತ್ತು ತಮ್ಮನಿಗೆ ತಲಾ ಅರ್ಧಕ್ಕೆ ಅರ್ಧ ಸಾಧ್ಯತೆ ಅಂತ ಗೊತ್ತಿದೆ. ಪರೀಕ್ಷೆ ಮಾಡಿಸು, ಬೇಡ ಅಂತ ದಯವಿಟ್ಟು ಹೇಳಬೇಡಿ. ಅದನ್ನು ನಾನೇ ನೋಡಿಕೊಳ್ಳುತ್ತೇನೆ. ನನ್ನ ಪ್ರಶ್ನೆ ಬೇರೆ. ಈ ಜೀನ್ ಅಪ್ಪನ ಮೈಯಲ್ಲಿ ಹುಟ್ಟಿದ ದಿನದಿಂದ ಇತ್ತು ಅಲ್ವಾ? ಹಾಗಿದ್ದರೆ 45 ವರ್ಷ ಯಾಕೆ ಏನೂ ಆಗಲಿಲ್ಲ? ಇಷ್ಟು ವರ್ಷ ಆ ಜೀನ್ ಏನು ಮಾಡುತ್ತಿತ್ತು? ಯಾರನ್ನು ಕೇಳಿದರೂ ವಯಸ್ಸಾದ ಮೇಲೆ ಬರುವ ಕಾಯಿಲೆ ಅನ್ನುತ್ತಾರೆ. ಅದು ಉತ್ತರ ಅಲ್ಲ.

ಇನ್ನೊಂದು. ತಮ್ಮ ಇನ್ನೂ ಪಿಯುಸಿ. ಅವನ ರಕ್ತವನ್ನೂ ಕೊಟ್ಟುಬಿಡಿ ಅಂತ ಅತ್ತೆ ಹೇಳುತ್ತಿದ್ದಾರೆ. ಕೊಡಬಹುದಾ?

ತೋಟದಂಚು, ಸಿದ್ದಾಪುರ:

ತಂಗಿ, ನಿನ್ನ ಪ್ರಶ್ನೆಗೆ ಹತ್ತು ವರ್ಷದ ಹಿಂದೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಈಗ ಬಹುಮಟ್ಟಿಗೆ ಇದೆ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಡಿಎನ್‌ಎ ದುರಸ್ತಿಯ ಮೇಲೆ ಕೆಲಸ ಮಾಡುವವಳು. ಹಂಟಿಂಗ್ಟನ್ ಸಂಶೋಧನೆ ಈಗ ನಮ್ಮ ವಿಷಯಕ್ಕೇ ಬಂದು ಸೇರಿದೆ, ಹಾಗಾಗಿ ಬಿಡದೆ ಓದುತ್ತೇನೆ.

ಮೊದಲು ತಮ್ಮನ ವಿಷಯ. ಬೇಡ. ಲಕ್ಷಣ ಇಲ್ಲದ, 18 ತುಂಬದ ಮಕ್ಕಳಿಗೆ ಈ ಪರೀಕ್ಷೆ ಮಾಡಬಾರದು ಎಂಬುದು ಎಲ್ಲ ಕಡೆ ಒಪ್ಪಿದ ನಿಯಮ. ತಿಳಿಯಬೇಕೋ ಬೇಡವೋ ಎಂದು ಮುಂದೆ ಅವನೇ ಹೇಳಬೇಕು. ಅತ್ತೆಗೆ ಹೀಗೇ ಹೇಳು.

ಈಗ 17/44. ನಾಲ್ಕನೇ ಕ್ರೋಮೋಸೋಮಿನಲ್ಲಿ ಹಂಟಿಂಗ್ಟಿನ್ ಎಂಬ ಪ್ರೋಟೀನಿನ ಜೀನ್ ಇದೆ. ಅದರ ಶುರುವಿನಲ್ಲೇ ಸಿ, ಎ, ಜಿ ಎಂಬ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತವೆ. ಎಲ್ಲರಲ್ಲೂ ಬರುತ್ತವೆ, ನನ್ನಲ್ಲೂ. 26 ಸಲದವರೆಗೆ ಚಿಂತೆಯಿಲ್ಲ. 36ರಿಂದ 39 ಇದ್ದವರಿಗೆ ಕಾಯಿಲೆ ಬರಬಹುದು, ಬರದೆಯೂ ಇರಬಹುದು. 40 ಮತ್ತು ಮೇಲೆ ಇದ್ದರೆ, ಆಯುಷ್ಯ ಇದ್ದವರಿಗೆ ಬಂದೇ ಬರುತ್ತದೆ. ಈ ಜೀನಿನ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಅಪ್ಪನಿಗೆ 44ರ ಉದ್ದದ ಪ್ರತಿ ಅಜ್ಜಿಯಿಂದ ಬಂದಿದೆ, 17ರದ್ದು ಅಜ್ಜನಿಂದ.

ಆದರೆ ಈ 44 ರಕ್ತದಲ್ಲಿ ಎಣಿಸಿದ್ದು. ಮೆದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಜಾಗ ಇದೆ. ಯಾವ ಚಲನೆ ಬೇಕು, ಯಾವುದು ಬೇಡ ಅಂತ ನೋಡುವ ಕೆಲಸದಲ್ಲಿ ಅದರದು ದೊಡ್ಡ ಪಾಲು. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಾಯುವುದು ಅಲ್ಲಿಯ ನರಕೋಶಗಳು. ಆ ಕೋಶಗಳೊಳಗೆ 44 ಎಂಬುದು 44 ಆಗಿ ಉಳಿಯುವುದಿಲ್ಲ. ಜೀವಮಾನವಿಡೀ ಬೆಳೆಯುತ್ತಾ ಹೋಗುತ್ತದೆ.

ಇದನ್ನು ಒಂದೊಂದೇ ಕೋಶದಲ್ಲಿ ಎಣಿಸಿ ತೋರಿಸಿದ್ದು ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟ್ ಮತ್ತು ಹಾರ್ವರ್ಡ್‌ನವರು, 2025ರ ಜನವರಿಯಲ್ಲಿ. ತೀರಿಹೋದ ರೋಗಿಗಳ ಮತ್ತು ರೋಗ ಇಲ್ಲದವರ ಮೆದುಳಿನಿಂದ ಐದು ಲಕ್ಷಕ್ಕೂ ಜಾಸ್ತಿ ಕೋಶ ತೆಗೆದು ನೋಡಿದರು. ಅವರ ಲೆಕ್ಕ ಹೀಗಿದೆ. ನಲವತ್ತರ ಆಸುಪಾಸಿನ ಸಂಖ್ಯೆ 80 ಮುಟ್ಟಲು ದಶಕಗಳೇ ಬೇಕು. ಆಮೇಲೆ ವೇಗ ಏರುತ್ತದೆ, ಕೆಲವೇ ವರ್ಷಗಳಲ್ಲಿ 150. ಅಲ್ಲಿಯವರೆಗೆ ಕೋಶ ಹೆಚ್ಚುಕಮ್ಮಿ ಸರಿಯಾಗಿಯೇ ಇರುತ್ತದೆ. 150 ದಾಟಿದ ಮೇಲೆ ಅದರ ಬೇರೆ ಜೀನ್‌ಗಳ ಕೆಲಸವೂ ಕೆಡುತ್ತದೆ, ಕೋಶ ಸಾಯುತ್ತದೆ. ಎಲ್ಲ ಕೋಶಕ್ಕೂ ಒಟ್ಟಿಗೆ ಹೀಗಾಗುವುದಿಲ್ಲ, ಒಂದು ಇವತ್ತು, ಇನ್ನೊಂದು ಐದು ವರ್ಷ ಬಿಟ್ಟು. ಅಂದರೆ ಅಪ್ಪನ ಆ ಜೀನ್ ಒಂದು ದಿನವೂ ಸುಮ್ಮನಿರಲಿಲ್ಲ.

ಕೋಶ ಒಡೆದು ಎರಡಾಗುವಾಗ ನಕಲು ತಪ್ಪಿ ಹೀಗಾಗುತ್ತದಾ ಅಂತ ಕೇಳಬಹುದು. ಅಲ್ಲ, ಈ ನರಕೋಶಗಳು ಒಡೆಯುವುದೇ ಇಲ್ಲ. ಬೆಳೆಸುವುದು ದುರಸ್ತಿ ವ್ಯವಸ್ಥೆ. ಸಿಎಜಿ ಸಾಲು ಉದ್ದವಾದಾಗ ಡಿಎನ್‌ಎಯ ಎಳೆ ಸರಿದು ಒಂದು ಸಣ್ಣ ಕುಣಿಕೆ ಎದ್ದು ನಿಲ್ಲುತ್ತದೆ. ಎಂಎಸ್‌ಎಚ್3 ಎಂಬ ಪ್ರೋಟೀನ್ ಅದನ್ನು ಹಿಡಿದು ರಿಪೇರಿಗೆ ಕರೆಯುತ್ತದೆ. ರಿಪೇರಿ ಮುಗಿಯುವಾಗ ಆ ಕುಣಿಕೆಯೂ ಸಾಲಿಗೆ ಸೇರಿ ಹೋಗಿರುತ್ತದೆ. ಫ್ಯಾನ್1 ಎಂಬ ಇನ್ನೊಂದು ಪ್ರೋಟೀನ್ ಇದನ್ನು ತಡೆಯುತ್ತದೆ. ಸಾವಿರಾರು ರೋಗಿಗಳ ಜೀನ್ ಹೋಲಿಸಿ, ಒಂದೇ ಸಂಖ್ಯೆ ಇದ್ದರೂ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡ ಯಾಕೆ ಅಂತ ಹುಡುಕಿದಾಗ ಸಿಕ್ಕಿದ ಹೆಸರುಗಳಲ್ಲಿ ಈ ದುರಸ್ತಿಯವೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷ್ಯ 2019ರದ್ದು. ಸಿಎಜಿ ಎಂದರೂ ಸಿಎಎ ಎಂದರೂ ಪ್ರೋಟೀನಿಗೆ ಸೇರುವುದು ಗ್ಲುಟಮಿನ್ ಎಂಬ ಒಂದೇ ಅಮೈನೋ ಆಮ್ಲ. ಸಾಮಾನ್ಯವಾಗಿ ಸಿಎಜಿ ಸಾಲಿನ ಕೊನೆಯ ಹತ್ತಿರ ಒಂದು ಸಿಎಎ ಇರುತ್ತದೆ. ಕೆಲವು ಕುಟುಂಬಗಳಲ್ಲಿ ಅದು ಇಲ್ಲ, ಅದರ ಜಾಗದಲ್ಲೂ ಸಿಎಜಿ. ಪ್ರೋಟೀನ್ ಒಂದೇ ಉದ್ದ, ಆದರೂ ಕಾಯಿಲೆ ಬೇಗ ಬರುತ್ತದೆ. ಯಾವಾಗ ಬರಬೇಕು ಎಂಬುದನ್ನು ಪ್ರೋಟೀನಿನ ಉದ್ದಕ್ಕಿಂತ ಹೆಚ್ಚಾಗಿ ತಡೆಯಿಲ್ಲದ ಡಿಎನ್‌ಎ ಸಾಲಿನ ಉದ್ದ ನಿರ್ಧರಿಸುತ್ತದೆ ಅಂತ ಇದರಿಂದ ಸ್ಪಷ್ಟವಾಯಿತು.

ಎಲ್ಲರೂ ಎಲ್ಲವನ್ನೂ ಒಪ್ಪಿಲ್ಲ. 150ಕ್ಕೆ ಮೊದಲೇ ಪ್ರೋಟೀನಿನ ತುಣುಕುಗಳು ಹಾನಿ ಮಾಡುತ್ತವೆ ಎನ್ನುವವರು ಇದ್ದಾರೆ. ಆದರೆ ಸಾಲು ಬೆಳೆಯುತ್ತದೆ, ಆ ಬೆಳವಣಿಗೆಯೇ ಕಾಯಿಲೆಯ ಗಡಿಯಾರವನ್ನು ಓಡಿಸುತ್ತದೆ ಎಂಬುದರ ಬಗ್ಗೆ ಈಗ ಜಗಳ ಕಡಿಮೆ.

ಸದಾಶಿವಗಡ:

ನಾನು ಕಾರವಾರದಲ್ಲಿ ಫಿಸಿಯೋಥೆರಪಿಸ್ಟ್. ವಿಜ್ಞಾನ ಮೇಲಿನವರು ಹೇಳಿದ್ದಾರೆ, ನಾನು ಅಪ್ಪನ ಊಟದ ಬಗ್ಗೆ ಮಾತ್ರ ಬರೆಯುತ್ತೇನೆ.

ತೂಕ ನೋಡುತ್ತಿರಿ. ಈ ಕಾಯಿಲೆಯಲ್ಲಿ ಚೆನ್ನಾಗಿ ಉಂಡರೂ ಜನ ಸೊರಗುತ್ತಾರೆ. ಸಣ್ಣ ಸಣ್ಣ ಊಟ, ಜಾಸ್ತಿ ಸಲ. ಗಂಜಿಯಲ್ಲಿ ತುಪ್ಪ, ತೆಂಗಿನ ಹಾಲು ಧಾರಾಳ ಇರಲಿ. ಗಂಜಿತಿಳಿ, ಸಾರು, ಚಹಾ ಕುಡಿಯುವಾಗ ಕೆಮ್ಮುತ್ತಾರಾ ಅಂತ ಗಮನಿಸಿ. ಕೆಮ್ಮು ಬಂದರೆ ನುಂಗುವುದು ಕಷ್ಟವಾಗುತ್ತಿದೆ ಎಂದು ಅರ್ಥ. ಸ್ಪೀಚ್ ಥೆರಪಿಸ್ಟ್‌ಗೆ ಬೇಗ ತೋರಿಸಿ. ಊಟದ ಹೊತ್ತಿಗೆ ಟಿವಿ, ಮಾತು ಬೇಡ. ಪ್ಲಾಸ್ಟಿಕ್ ಕುರ್ಚಿ ತೆಗೆದು ಕೈ ಇರುವ ಭಾರದ ಮರದ ಕುರ್ಚಿ ಕೊಡಿ, ಪ್ಲಾಸ್ಟಿಕ್ಕಿನದು ಅವರ ಜೊತೆಗೇ ಮಗುಚುತ್ತದೆ.

ಅಲುಗಾಟಕ್ಕೆ ಟೆಟ್ರಾಬೆನಜೀನ್ ಕೊಟ್ಟಿದ್ದರೆ ಅವರ ಮನಸ್ಸಿನ ಮೇಲೆ ಕಣ್ಣಿಡಿ. ಅದರಿಂದ ಖಿನ್ನತೆ ಹೆಚ್ಚಾಗಬಹುದು, ಕಾಯಿಲೆಯೂ ಖಿನ್ನತೆ ತರುತ್ತದೆ. ಸಿಟ್ಟು ಬಂದಾಗ ಅದನ್ನು ಅಪ್ಪನ ಗುಣ ಎಂದು ತಿಳಿಯಬೇಡಿ ಅಂತ ಆಯಿಗೂ (ನಿಮ್ಮ ಅಮ್ಮನಿಗೂ) ಹೇಳಿ.

ಶರಾವತಿ ದಂಡೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕುರ್ಚಿ ನಾಳೆಯೇ ಬದಲಾಯಿಸುತ್ತೇವೆ. ಆಯಿಗೆ ಸಾಲು ಬೆಳೆಯುವ ಭಾಗ ಓದಿ ಹೇಳಿದೆ. "ಹಂಗಾರೆ ಬೆಳೆಯೋದು ನಿಲ್ಸಿದ್ರಾತು" ಅಂದರು. ಅದಕ್ಕೆ ಔಷಧ ಇದೆಯಾ? ಕಾಯಿಲೆಗೆ ಮದ್ದು ಸಿಕ್ಕಿಯೇ ಬಿಟ್ಟಿತು ಅಂತ ವಾಟ್ಸಾಪಿನಲ್ಲಿ ಬಂದಿದೆ, ಅದು ನಿಜವಾ?

ತೋಟದಂಚು, ಸಿದ್ದಾಪುರ:

ಆಯಿ ಹೇಳಿದ್ದೇ ಈಗ ಹಲವು ಲ್ಯಾಬುಗಳ ಗುರಿ. ಎಂಎಸ್‌ಎಚ್3 ಇಲ್ಲದ ಇಲಿಗಳಲ್ಲಿ ಈ ಸಾಲು ಬೆಳೆಯುವುದು ನಿಲ್ಲುತ್ತದೆ. ಅದನ್ನು ಕಡಿಮೆ ಮಾಡುವ ಔಷಧಗಳನ್ನು ತಯಾರು ಮಾಡುತ್ತಿದ್ದಾರೆ. ಆಸ್ಪತ್ರೆಯಲ್ಲಿ ಕೊಡುವ ಹಂತಕ್ಕೆ ಯಾವುದೂ ಬಂದಿಲ್ಲ. ಲಕ್ಷಣ ಶುರುವಾದವರಲ್ಲೂ ಇನ್ನೂ 150 ಮುಟ್ಟದ ಕೋಶಗಳು ಸಾಕಷ್ಟು ಉಳಿದಿರುತ್ತವೆ, ಹಾಗಾಗಿ ತಡವಾಗಿ ಕೊಟ್ಟರೂ ಪ್ರಯೋಜನ ಆಗಬಹುದು ಎಂಬ ಆಸೆ ಇದೆ. ನಿನಗೂ ತಮ್ಮನಿಗೂ ಇದು ಮುಖ್ಯ ಅನಿಸುತ್ತದೆ ನನಗೆ.

ವಾಟ್ಸಾಪಿನದು ಬಹುಶಃ ಎಎಂಟಿ-130 ಸುದ್ದಿ. ಯುನಿಕ್ಯೂರ್ ಎಂಬ ಕಂಪನಿಯದು, 2025ರ ಸೆಪ್ಟೆಂಬರ್. ಶಸ್ತ್ರಕ್ರಿಯೆ ಮಾಡಿ ಮೆದುಳಿಗೇ ನೇರವಾಗಿ ಒಂದು ಸಲ ಕೊಡುವ ಜೀನ್ ಚಿಕಿತ್ಸೆ. ಜಾಸ್ತಿ ಡೋಸ್ ಪಡೆದವರಲ್ಲಿ ಮೂರು ವರ್ಷದಲ್ಲಿ ಕಾಯಿಲೆಯ ವೇಗ 75% ಕಡಿಮೆಯಾಯಿತು ಎಂದರು. ಆದರೆ ಪೂರ್ತಿ ಮೂರು ವರ್ಷದ ಲೆಕ್ಕ ಸಿಕ್ಕಿದ್ದು 12 ಜನರದ್ದು. ಹೋಲಿಸಿದ್ದು ಈ ಪ್ರಯೋಗದಲ್ಲಿ ಇಲ್ಲದ ಬೇರೆ ರೋಗಿಗಳ ದಾಖಲೆ ಜೊತೆ. ದೊಡ್ಡ ಸುದ್ದಿ ಹೌದು, ಮದ್ದು ಸಿಕ್ಕಿತು ಎನ್ನುವ ಹಾಗಿಲ್ಲ. 2021ರ ಮಾರ್ಚಿನಲ್ಲಿ ಟೊಮಿನರ್ಸೆನ್ ಎಂಬ ಔಷಧದ ದೊಡ್ಡ ಪ್ರಯೋಗದಲ್ಲಿ ಡೋಸ್ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಅವತ್ತು ಎಷ್ಟು ಮನೆಗಳವರು ಕುಸಿದರು ಅಂತ ಓದಿದ್ದೇನೆ, ಅದಕ್ಕೇ ಎಚ್ಚರಿಕೆಯಿಂದ ಹೇಳುತ್ತಿದ್ದೇನೆ.

ನಿನಗೆ ಒಂದು ವಿಷಯ ಹೇಳಲೇಬೇಕು. ಈ ಜೀನ್ ಸಿಕ್ಕಿದ್ದು ನಮ್ಮ ಕರಾವಳಿಯವರಂಥದೇ ಮೀನುಗಾರರಿಂದ. ವೆನೆಜುವೆಲಾದ ಮರಕೈಬೊ ಸರೋವರದ ಹಳ್ಳಿಗಳಲ್ಲಿ ಈ ಕಾಯಿಲೆ ಬಹಳ. ನ್ಯಾನ್ಸಿ ವೆಕ್ಸ್ಲರ್ ವರ್ಷ ವರ್ಷ ಅಲ್ಲಿಗೆ ಹೋಗಿ ವಂಶವೃಕ್ಷ ಬರೆದರು, ರಕ್ತ ಸಂಗ್ರಹಿಸಿದರು. ಅವರ ಅಮ್ಮ ಇದೇ ಕಾಯಿಲೆಯಿಂದ ತೀರಿಹೋದವರು. 1983ರಲ್ಲಿ ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಎಂದು ಗೊತ್ತಾಯಿತು, 1993ರಲ್ಲಿ ಜೀನ್ ಸಿಕ್ಕಿತು. ರಕ್ತ ಕೊಟ್ಟ ಆ ಮನೆಗಳು ಇವತ್ತಿಗೂ ಬಡತನದಲ್ಲೇ ಇವೆ. ಔಷಧ ಬಂದ ದಿನ ಅದು ಮೊದಲು ಅವರಿಗೆ ತಲುಪಬೇಕು.

ಯಾಣದ ದಾರಿ:

ನಾನು ಶಿರಸಿಯವನು. ನಮ್ಮ ಮನೆಯಲ್ಲಿರುವುದು ಹಂಟಿಂಗ್ಟನ್ ಅಲ್ಲ, ಎಸ್‌ಸಿಎ2 ಎಂಬ, ನಡಿಗೆಯ ಹಿಡಿತ ತಪ್ಪಿಸುವ ಇನ್ನೊಂದು ವಂಶದ ಕಾಯಿಲೆ. ಅದೂ ಸಿಎಜಿ ಕಾಯಿಲೆಯೇ, ಜೀನ್ ಮಾತ್ರ ಬೇರೆ, 12ನೇ ಕ್ರೋಮೋಸೋಮಿನದು. ನಮ್ಮ ಮಾವನನ್ನೂ ಕುಡುಕ ಎಂದವರು ಬಹಳ. ನಡಿಗೆ ತೂರಾಡುತ್ತಿತ್ತು, ಅಷ್ಟೇ.

ಸಲಹೆ ಬೇಡ ಅಂದಿದ್ದೀರಿ, ಕೊಡುವುದಿಲ್ಲ. ನಾನು ಪರೀಕ್ಷೆ ಮಾಡಿಸಿದೆ, ಅಕ್ಕ ಮಾಡಿಸಲಿಲ್ಲ, ಇಬ್ಬರೂ ಒಂದೇ ಮನೆಯಲ್ಲಿ ಚೆನ್ನಾಗಿದ್ದೇವೆ. ಸುಮ್ನೆ ಮಾತಾಡಿ ಬರಬೇಕು ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನಿಮಗೆ ಹತ್ತಿರ ಅಂದರೆ ಮಣಿಪಾಲ, ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ಕೌನ್ಸೆಲಿಂಗ್‌ಗೆ ಹೋದ ಮಾತ್ರಕ್ಕೆ ರಕ್ತ ಕೊಡಲೇಬೇಕು ಅಂತಿಲ್ಲ. ಕೊಟ್ಟ ಮೇಲೂ ಫಲಿತಾಂಶ ನೋಡುವುದಿಲ್ಲ ಎನ್ನಬಹುದು. ಅಪ್ಪನ ರಿಪೋರ್ಟಿನ ಪ್ರತಿ ಜೊತೆಗಿರಲಿ, ಅದಿಲ್ಲದಿದ್ದರೆ ಮೊದಲಿನಿಂದ ಎಲ್ಲ ಕೇಳುತ್ತಾರೆ. ಅಜ್ಜಿ, ದೊಡ್ಡಪ್ಪನಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು ಅಂತ ಆಯಿ ಹತ್ತಿರ ಕೇಳಿ ಬರೆದುಕೊಂಡು ಹೋಗಿ.