ಅಪ್‌ಡೇಟ್: ಅಪ್ಪನ ರಕ್ತಸ್ರಾವದ ಕಾರಣ ಸಿಕ್ಕಿತು

ಅಪ್ಪನ ವಿಷಯಕ್ಕೆ ಕುಂಬಳೆಯಿಂದ ಇಲ್ಲಿ ಸಲಹೆ ಕೇಳಿದ್ದೆ, ನೆನಪಿದೆಯಾ? ಅಪ್ಪನಿಗೆ ಮಲ ಕಪ್ಪು, ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡರಲ್ಲೂ ಏನೂ ಕಾಣಲಿಲ್ಲ. ಸಿಟಿ ಎಂಟರೋಗ್ರಫಿ (ಸಣ್ಣ ಕರುಳನ್ನು ನೋಡುವ ಸ್ಕ್ಯಾನ್) ಬಗ್ಗೆ ಡಾಕ್ಟರ್ ಹತ್ತಿರ ಕೇಳಿ ಅಂದವರಿಗೆ ಕೈಮುಗಿಯುತ್ತೇನೆ.

ಮಂಗಳೂರಿನಲ್ಲಿ ಮಾಡಿಸಿದೆವು. ಮೊದಲು ಕಿಡ್ನಿ ಸರಿ ಇದೆಯಾ ಅಂತ ನೋಡುವ ಕ್ರಿಯಾಟಿನಿನ್ ಟೆಸ್ಟ್. ಆಮೇಲೆ ಸುಮಾರು 1.5 ಲೀಟರ್ ಮ್ಯಾನಿಟಾಲ್ (ಒಂದು ಬಗೆಯ ಸಕ್ಕರೆಯಂಥ ಪದಾರ್ಥ) ಬೆರೆಸಿದ ನೀರು ಕುಡಿಸಿದರು. ಅಪ್ಪ ಒಂದೊಂದು ಲೋಟಕ್ಕೂ ಕಣ್ಣು ಮುಚ್ಚಿ, "ಇನ್ನೆಷ್ಟು ಉಂಟು ಮಗಾ?" ಅನ್ನುತ್ತಿದ್ದರು. ನೋಡಲು ಕಷ್ಟ ಆಯ್ತು. ಆದರೆ ಅದು ಸುಮ್ನೆ ಅಲ್ಲ. ಸಣ್ಣ ಕರುಳು ಮುದುಡಿಕೊಂಡಿದ್ದರೆ ಗಡ್ಡೆ ಮಡಿಕೆಯಲ್ಲಿ ಅಡಗುತ್ತದೆ, ನೀರು ತುಂಬಿ ಹಿಗ್ಗಿದರೆ ಗೋಡೆ ಚೆನ್ನಾಗಿ ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣಲು ಕೊಡುವ ಕಾಂಟ್ರಾಸ್ಟ್ ಔಷಧಿ ಕೈಗೆ ಚುಚ್ಚಿದಾಗ ಮೈಯೆಲ್ಲ ಬಿಸಿಯಾಯಿತಂತೆ.

ಜೆಜುನಮ್‌ನಲ್ಲಿ (ಸಣ್ಣ ಕರುಳಿನ ನಡುವಿನ ಭಾಗ) 3 ಸೆಂ.ಮೀ. ಗಡ್ಡೆ, ಸ್ಕ್ಯಾನ್‌ನಲ್ಲಿ ಬಿಳಿಯಾಗಿ ಹೊಳೆಯುತ್ತಿತ್ತು. ಜಿಸ್ಟ್ (ಹೊಟ್ಟೆ-ಕರುಳಿನ ಗೋಡೆಯಲ್ಲಿ ಬೆಳೆಯುವ ಒಂದು ಬಗೆಯ ಗಡ್ಡೆ) ಇರಬಹುದು ಅಂದಿದ್ದಾರೆ. ಸ್ಕ್ಯಾನ್ ನೋಡಿ ಖಚಿತವಾಗಿ ಹೇಳಲಾಗದು, ಗಡ್ಡೆಯ ತುಣುಕನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದ (ಬಯಾಪ್ಸಿ) ಮೇಲೆಯೇ ಗೊತ್ತಾಗುವುದು. ಲಿವರ್‌ಗೆ ಹರಡಿದ ಹಾಗೆ ಏನೂ ಕಂಡಿಲ್ಲ. ಸೋಮವಾರ ಆಪರೇಷನ್.