ತಿಳಿ ಹಸಿರೋ ಎಳೆ ಹಸಿರೋ? ಮನೆಗೆ ಬಣ್ಣ ಮಾಡಿಸುವಾಗ ಸಿಕ್ಕ ಕೆಲವು ಪದಗಳು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಅಪ್ಪ 1978ರಲ್ಲಿ ಕಟ್ಟಿಸಿದ ಮನೆ ಇದೆ. ದುಗ್ಗಮ್ಮನ ಜಾತ್ರೆಗೆ ಮೊದಲು ಒಳಗೆಲ್ಲ ಬಣ್ಣ ಮಾಡಿಸೋಣ ಅಂತ ಮನೆಯಲ್ಲಿ ಮಾತಾಯಿತು. ನಮ್ಮೂರಲ್ಲಿ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ. ಊರ ಕಡೆಯ ನೆಂಟರೆಲ್ಲ ಬರುತ್ತಾರೆ. ಪಡಸಾಲೆ, ಅಡುಗೆ ಮನೆ, ಮಕ್ಕಳ ಕೋಣೆ, ಈ ಮೂರಕ್ಕಾದರೂ ಹೊಸ ಬಣ್ಣ ಬೇಕಿತ್ತು.

ಪಡಸಾಲೆಯ ಬಣ್ಣ ಅಮ್ಮನ ಪಾಲಿಗೆ ಬಂತು. "ತಿಳಿ ಹಸಿರು ಹೊಡಿಸಪ್ಪ, ಕಣ್ಣಿಗೆ ತಂಪಾಗಿರ್ಲಿ" ಅಂದರು. ನಾನು ಮಂಡಿಪೇಟೆಯ ಅಂಗಡಿಗೆ ಹೋಗಿ "ಲೈಟ್ ಗ್ರೀನ್ ಕೊಡಿ" ಅಂದೆ. ಅಂಗಡಿಯವರು ಬಣ್ಣದ ಪುಸ್ತಕ ತೆಗೆದು ಮುಂದಿಟ್ಟರು. ಒಂದು ಪುಟದ ತುಂಬ ಹಸಿರೇ. ನಾಟಿ ಮಾಡಿ ಹತ್ತು ಹದಿನೈದು ದಿನ ಆದ ಭತ್ತದ ಗದ್ದೆ ಇರುತ್ತಲ್ಲ, ಭದ್ರಾ ನಾಲೆ ಪಕ್ಕದಲ್ಲಿ ಹೋಗುವಾಗ ಕಾಣುತ್ತಲ್ಲ, ಆ ಬಣ್ಣದ ಚೌಕ ನನಗೆ ಇಷ್ಟ ಆಯಿತು. ಅದರ ನಂಬರ್ ಹೇಳಿದೆ. ಬಿಳಿ ಪೇಂಟಿನ ಡಬ್ಬಿಗೆ ಮೆಷಿನ್ ಹನಿ ಹನಿ ಬಣ್ಣ ಬಿಟ್ಟಿತು, ಅಲ್ಲಾಡಿಸಿ ಕೊಟ್ಟರು.

ಸಂಜೆ ಹೊತ್ತಿಗೆ ಒಂದು ಗೋಡೆ ಮುಗಿದಿತ್ತು. ಅಮ್ಮ ಗುಡಿಯಿಂದ ಬಂದು ಬಾಗಿಲಲ್ಲೇ ನಿಂತರು. ಸ್ವಲ್ಪ ಹೊತ್ತು ನೋಡಿ ಹೇಳಿದರು: "ಇದು ಎಳೆ ಹಸಿರು ಕಣಪ್ಪ. ನಾನು ಹೇಳಿದ್ದು ತಿಳಿ ಹಸಿರು."

ಅಲ್ಲಿಯವರೆಗೆ ನನಗೆ ಇವೆರಡೂ ಒಂದೇ ಆಗಿದ್ದವು. ಎರಡಕ್ಕೂ ಲೈಟ್ ಗ್ರೀನ್ ಅಂದರೆ ಸಾಕು ಅಂದುಕೊಂಡಿದ್ದೆ. ಗೋಡೆ ನೋಡುತ್ತಾ ನಿಂತಾಗ ಅಮ್ಮನ ಮಾತು ಸರಿ ಅನ್ನಿಸಿತು. ಆ ಗೋಡೆಯಲ್ಲಿ ಹಳದಿ ಇತ್ತು. ಟ್ಯೂಬ್‌ಲೈಟ್ ಹಾಕಿದ ಮೇಲಂತೂ ಕಣ್ಣಿಗೆ ರಾಚುತ್ತಿತ್ತು. ಪುಸ್ತಕದಲ್ಲಿ ಎರಡು ಬೆರಳಗಲ ಇದ್ದ ಬಣ್ಣ ಗೋಡೆ ತುಂಬ ಆದಾಗ ಜಾಸ್ತಿ ಗಟ್ಟಿಯಾಗಿ ಕಾಣುತ್ತದೆ ಅನ್ನುವುದು ನಿಜ. ಆದರೆ ಇಲ್ಲಿ ತಪ್ಪಿದ್ದು ಅದಲ್ಲ, ಪದ.

ಆ ರಾತ್ರಿ ಈ ಎರಡು ಪದಗಳನ್ನೇ ಯೋಚಿಸುತ್ತಿದ್ದೆ. 'ತಿಳಿ' ಅಂದರೆ ಮೊದಲಿಗೆ ಕಲಕದೆ ಇರುವುದು. ತಿಳಿನೀರು, ತಿಳಿಗೊಳ. ಬೇಳೆ ಕಟ್ಟು ಮೇಲೆ ನಿಂತಾಗ ಬಗ್ಗಿಸಿಕೊಂಡು ಮಾಡುವ ತಿಳಿಸಾರು. ಮಳೆಗಾಲದಲ್ಲಿ ಹೊಳೆ ನೀರನ್ನು ಕೊಡದಲ್ಲಿ ಇಟ್ಟರೆ ಬೆಳಗ್ಗೆ ಹೊತ್ತಿಗೆ 'ತಿಳಿಯಾಗುತ್ತದೆ'. ನಮಗೆ ಒಂದು ವಿಷಯ 'ತಿಳಿಯುವುದು' ಕೂಡ ಇದೇ ಮಾತು. ಕಲಕಿದ್ದು ಕೆಳಗೆ ಕೂತು ಮೇಲಿನದು ಕಾಣುತ್ತದೆ. ಹಾಗಾದರೆ ತಿಳಿ ಹಸಿರು ಅಂದರೆ ನೀರಿಗೆ ಒಂದು ಹನಿ ಹಸಿರು ಬಿಟ್ಟಂತೆ ಇರುವುದು. ಆ ಅಂಗಡಿಯ ಮೆಷಿನ್ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಜಾಸ್ತಿ, ಬಣ್ಣದ ಹನಿ ಕಡಿಮೆ.

'ಎಳೆ' ಬೇರೆ ಕಡೆಯಿಂದ ಬಂದ ಪದ. ಎಳೆಮಗು, ಎಳನೀರು, ಎಳೆಬಿಸಿಲು, ಎಳೆ ಸೌತೆಕಾಯಿ. ಇಲ್ಲಿ ಲೆಕ್ಕ ಇರುವುದು ವಯಸ್ಸಿನದ್ದು. ಎಳೆ ಹಸಿರು ಅಂದರೆ ಈಗ ತಾನೇ ಚಿಗುರಿದ ಎಲೆಯ ಹಸಿರು. ಇಂಥ ಚಿಗುರೆಲೆಯಲ್ಲಿ ಸಾಮಾನ್ಯವಾಗಿ ಹಳದಿ ಇರುತ್ತದೆ. ಎಲೆ ಬಲಿತ ಹಾಗೆ ಅದು ಹೋಗುತ್ತದೆ. ಹಾಗಾಗಿ ಎಳೆ ಹಸಿರು ತುಂಬ ಗಟ್ಟಿಯಾಗಿಯೂ ಇರಬಹುದು, ಆದರೂ ಅದು ಎಳೆಯದೇ. 'ಹಸಿರು' ಪದವೇ 'ಹಸಿ' ಅನ್ನುವುದರ ಜೊತೆ ಹುಟ್ಟಿದ್ದಲ್ವಾ? ಹಸಿ ಕಾಯಿ, ಹಸಿ ಕಟ್ಟಿಗೆ, ಹಸಿ ಗೋಡೆ. ಇನ್ನೂ ಬಲಿಯದ, ಇನ್ನೂ ಒಣಗದ ಅನ್ನುವ ಅರ್ಥ ಆ ಬಣ್ಣದ ಹೆಸರಿನಲ್ಲೇ ಇದೆ.

ಇವುಗಳ ಜೊತೆಗೆ 'ನಸು' ಇದೆ. ನಸುನಗೆ ಅಂದರೆ ತುಟಿ ಅಂಚಲ್ಲಿ ಬಂದೂ ಬಾರದ ನಗೆ. ನಸುಗೆಂಪು ಅಂದರೆ ಬಿಳಿಯ ಮೇಲೆ ಕೆಂಪಿನ ಸುಳಿವು. ಅಡುಗೆ ಮನೆಗೆ ನನ್ನ ಹೆಂಡತಿ ಆರಿಸಿದ್ದು ಹೆಚ್ಚು ಕಡಿಮೆ ಇದೇ. ಅಂಗಡಿಯವರು ಅದನ್ನು ಪೀಚ್ ಅಂದರು. ಇನ್ನೊಂದು ತುದಿಯಲ್ಲಿ 'ಕಡು' ಇದೆ: ಕಡುನೀಲಿ, ಕಡುಗೆಂಪು. ಕಡುಬಡವ, ಕಡುಕಷ್ಟ ಅನ್ನುವಾಗ ಇರುವ ತೀವ್ರತೆಯೇ ಇಲ್ಲೂ ಇದೆ. 'ಮಾಸಲು' ಮಾತ್ರ ಕೊಳೆಯಿಂದ, ಬಿಸಿಲಿನಿಂದ, ಕಾಲದಿಂದ ಬಂದದ್ದು. ಹೊಸ ಗೋಡೆಗೆ ಯಾರೂ ಮಾಸಲು ಬಣ್ಣ ಕೇಳುವುದಿಲ್ಲ. ಆದರೆ ಈಗ ಪುಸ್ತಕದಲ್ಲಿ ಬೆಲೆ ಜಾಸ್ತಿ ಇರುವ ಎಷ್ಟೋ ಬಣ್ಣ ನೋಡಿದರೆ ನನಗೆ ಆ ಪದವೇ ನೆನಪಾಗುತ್ತದೆ.

ಮಾರನೇ ದಿನ ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಅವರು ಪುಸ್ತಕ ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದರು. ಕಣ್ಣಿಗೆ ಬಿಳಿಯೇ ಅನ್ನಿಸುವ, ನೀಲಿಯ ಕಡೆ ಸ್ವಲ್ಪ ವಾಲಿದ ಒಂದು ಹಸಿರಿನ ಮೇಲೆ ಬೆರಳಿಟ್ಟರು. "ಇದು ತಿಳಿ" ಅಂದರು. ಮೊದಲಿನ ಡಬ್ಬಿ ಮಕ್ಕಳ ಕೋಣೆಗೆ ಹೋಯಿತು. ಅಲ್ಲಿ ಎಳೆ ಹಸಿರು ಚೆನ್ನಾಗಿಯೇ ಒಪ್ಪಿತು. ಈ 'ಒಪ್ಪು' ಕೂಡ ಬಣ್ಣದ ವಿಷಯದಲ್ಲಿ ನನಗೆ ಇಷ್ಟವಾದ ಪದ. ಮ್ಯಾಚ್ ಆಗುತ್ತೆ ಅನ್ನುವುದಕ್ಕಿಂತ ಒಪ್ಪುತ್ತೆ ಅಂದರೆ ಗೋಡೆಯೂ ಬಣ್ಣವೂ ಮಾತಾಡಿಕೊಂಡ ಹಾಗೆ.

ಇನ್ನು ಕ್ರಿಯಾಪದದ ವಿಷಯ. ನಮ್ಮ ಕಡೆ ಸುಣ್ಣ 'ಹೊಡೆಯುತ್ತೇವೆ'. ನನ್ನ ಹೆಂಡತಿ ಹಾವೇರಿ ಕಡೆಯವಳು. ಅವಳ ತವರಲ್ಲಿ ಸುಣ್ಣ 'ಹಚ್ಚುತ್ತಾರೆ'. "ಹೊಡಿಯೋದು ಅಂದ್ರೆ ಗೋಡೆಗೆ ನೋವಾಗ್ತದಲ್ರೀ" ಅಂತ ಮದುವೆಯಾದ ಹೊಸದರಲ್ಲಿ ಅವಳು ಹೇಳಿದ್ದು ನೆನಪಿದೆ. ದಾವಣಗೆರೆ ನಡುವಿನ ಊರು, ಇಲ್ಲಿ ಎರಡೂ ಕಿವಿಗೆ ಬೀಳುತ್ತದೆ. ನನಗೆ ಮಾತ್ರ ಗೋಡೆಗೆ 'ಹಚ್ಚು' ಅಂದಾಗ ನಾಟಕವೇ ಕಣ್ಣ ಮುಂದೆ ಬರುತ್ತದೆ. ರಂಗನಟಿ ಚಿಂದೋಡಿ ಲೀಲಾ ಅವರ ಊರಾದ ನಮ್ಮ ದಾವಣಗೆರೆಯಲ್ಲಿ 'ಬಣ್ಣ ಹಚ್ಚಿದರು' ಅಂದರೆ ವೇಷ ಹಾಕಿದರು, ರಂಗಕ್ಕೆ ಬಂದರು ಅಂತಲೇ ಅರ್ಥ. "ಅವರ ತಂದೆನೂ ಬಣ್ಣ ಹಚ್ಚಿದೋರು" ಅಂದರೆ ಇಲ್ಲಿ ಯಾರೂ ಅವರನ್ನು ಪೇಂಟರ್ ಅಂದುಕೊಳ್ಳುವುದಿಲ್ಲ.

ನಾನು ಗಮನಿಸಿದ್ದು ಇಷ್ಟು. ಕೈ ಹೇಗೆ ಓಡುತ್ತದೋ ಹಾಗೆ ಪದ ಬರುತ್ತದೆ. ಮಣ್ಣನ್ನು ಮೆತ್ತುತ್ತೇವೆ, ಏಕೆಂದರೆ ಅದು ದಪ್ಪ, ಅಂಗೈಯಿಂದ ಒತ್ತಬೇಕು. ನೆಲವನ್ನು ಸಗಣಿಯಿಂದ ಸಾರಿಸುತ್ತೇವೆ, ಕೈ ಅರ್ಧ ಸುತ್ತು ಸುತ್ತುತ್ತದೆ. ರೊಟ್ಟಿಗೆ ಬೆಣ್ಣೆ ಸವರುತ್ತೇವೆ. ಹಣೆಗೆ ಕುಂಕುಮ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ಅಲ್ಲಿ ಬೆರಳ ತುದಿ ಸಾಕು. ಮಸಿಯನ್ನು ಬಳಿಯುತ್ತೇವೆ, ಬಳಿಯುವಾಗ ಅಂಚು ನೋಡುವುದಿಲ್ಲ. ಮುಖಕ್ಕೆ ಮಸಿ ಬಳಿದ ಅನ್ನುವ ಬೈಗುಳದಲ್ಲಿ ಆ ಒರಟುತನವೇ ಮುಖ್ಯ. ಸುಣ್ಣಕ್ಕೆ ತೋಳು ಪೂರ್ತಿ ಮೇಲೆ ಕೆಳಗೆ ಬೀಸಬೇಕು. ಅದಕ್ಕೇ ಹೊಡೆಯುವುದು ಅಂದರು ಅಂತ ನನಗೆ ತೋರುತ್ತದೆ. ಈಗ ಪೇಂಟರ್ ರೋಲರ್ ಉರುಳಿಸುತ್ತಾರೆ. ಆದರೂ "ರೋಲರ್ ಹೊಡಿತೀನಿ ಸರ್" ಅನ್ನುತ್ತಾರೆ.

ಸುಣ್ಣವೂ ಹಾಗೆಯೇ ಉಳಿದಿದೆ. ನಮ್ಮ ಮನೆಯ ಗೋಡೆಗೆ ಈ ಸಲ ಹೋದದ್ದು ಎಮಲ್ಷನ್. ಮುಂಚೆ ಡಿಸ್ಟೆಂಪರ್, ಹೊರಗೋಡೆಗೆ ಸ್ನೋಸೆಮ್ ಅನ್ನುವ ಸಿಮೆಂಟ್ ಬಣ್ಣ. ಸುಣ್ಣ ಬಳಸಿ ಮೂವತ್ತು ವರ್ಷ ಆಯಿತು. ಆದರೂ ಪಕ್ಕದ ಮನೆಯವರು ಕೇಳಿದ್ದು "ಸುಣ್ಣ ಹೊಡಿಸ್ತಿದೀರಾ?" ಅಂತಲೇ. 'ಸುಣ್ಣ ಬಣ್ಣ' ಅನ್ನುವ ಜೋಡಿ ಸುಮ್ನೆ ಕೂಡಿದ್ದಲ್ಲ. ಚೂರ್ಣ ಸುಣ್ಣ ಆಯಿತು, ವರ್ಣ ಬಣ್ಣ ಆಯಿತು. ಎರಡೂ ನಮ್ಮ ಬಾಯಲ್ಲಿ ಒಂದೇ ರೀತಿ ಮೆತ್ತಗಾಗಿ ಅಕ್ಕತಂಗಿಯರ ಹಾಗೆ ಕೂತಿವೆ. ಸುಣ್ಣ ಬಣ್ಣ ಕಾಣದ ಮನೆ ಅಂದರೆ ಬಡತನವನ್ನೋ, ನೋಡಿಕೊಳ್ಳುವವರಿಲ್ಲದ್ದನ್ನೋ ಇನ್ನೇನೂ ಸೇರಿಸದೆ ಹೇಳಿದಂತೆ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವ ಮಾತು ಬೆಣ್ಣೆ ದೋಸೆಯ ಊರಿನವರಾದ ನಮಗೆ ಚಿಕ್ಕಂದಿನಿಂದ ಗೊತ್ತು. ಆದರೆ ಅದರ ಬಲ ಎಲ್ಲಿದೆ ಅನ್ನುವುದು ಈಗ ಹೊಳೆಯಿತು. ನೆನೆದ ಸುಣ್ಣ ಮತ್ತು ಬೆಣ್ಣೆ ನೋಡಲು ಒಂದೇ ಥರ ಇರುತ್ತವೆ. ಬಿಳಿ, ಮೆತ್ತಗೆ, ನುಣ್ಣಗೆ. ಒಂದು ತಂಪು, ಇನ್ನೊಂದು ಸುಡುತ್ತದೆ. ಬಣ್ಣ ಬೇರೆ ಬೇರೆ ಇದ್ದಿದ್ದರೆ ಆ ಗಾದೆಗೆ ಇಷ್ಟು ಕಹಿ ಬರುತ್ತಿರಲಿಲ್ಲ.

ಸುಣ್ಣ ಸುಡುವುದನ್ನು ನಾನು ಕಣ್ಣಾರೆ ಕಂಡಿದ್ದು ಅಜ್ಜಿಯ ಊರಲ್ಲಿ, ಹೊಳಲ್ಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಯುಗಾದಿ ಹತ್ತಿರ ಬಂದಾಗ ಅಜ್ಜಿ ಹಿತ್ತಲಲ್ಲಿ ಹಳೇ ಮಡಕೆಗೆ ಸುಣ್ಣದ ಕಲ್ಲು ಹಾಕಿ ನೀರು ಸುರಿಯುತ್ತಿದ್ದರು. ಒಲೆ ಇಲ್ಲ, ಬೆಂಕಿ ಇಲ್ಲ, ಮಡಕೆ ತಾನೇ ಕುದಿಯುತ್ತಿತ್ತು. ಸುಟ್ಟ ಸುಣ್ಣದ ಕಲ್ಲು ನೀರು ಕುಡಿದಾಗ ಬಿಸಿ ಬಿಡುತ್ತದೆ. ಮಕ್ಕಳು ಹತ್ತಿರ ಬಂದರೆ ಕೂಗುತ್ತಿದ್ದರು. ಮಾರನೇ ದಿನ ಬಟ್ಟೆಯಲ್ಲಿ ಸೋಸಿ, ಒಂದು ಹಿಡಿ ಉಪ್ಪು ಹಾಕಿ, ಬಟ್ಟೆಗೆ ಹಾಕುವ ನೀಲಿಯನ್ನು ಚೂರು ಬೆರೆಸುತ್ತಿದ್ದರು. ನೀಲಿ ಹಾಕಿದರೆ ಬಿಳಿ ಇನ್ನೂ ಬಿಳಿಯಾಗುತ್ತದೆ ಅನ್ನುವುದು ಆಗ ನನಗೆ ದೊಡ್ಡ ಸೋಜಿಗ.

ಸುಣ್ಣ ಹೊಡೆದ ಕೂಡಲೇ ಗೋಡೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಒದ್ದೆ ಗೋಡೆ, ಅಷ್ಟೇ. "ಆರ್ಲಿ ತಾಳು" ಅನ್ನುತ್ತಿದ್ದರು ಅಜ್ಜಿ. ಆರಿದ ಮೇಲೆ ಗೋಡೆ ನಿಧಾನವಾಗಿ ಬೆಳ್ಳಗಾಗುತ್ತಿತ್ತು. ಆಮೇಲೆ ದಿನ ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಇಲ್ಲಿ 'ಒಣಗಲಿ' ಅನ್ನದೆ 'ಆರಲಿ' ಅಂದದ್ದನ್ನು ಗಮನಿಸಿ. ಬಟ್ಟೆ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ, ಅಂದರೆ ಒಳಗಿನ ನೀರೆಲ್ಲ ಹೋಗಬೇಕು. ಸಾರಿಸಿದ ನೆಲ ಆರುತ್ತದೆ, ಕಾಫಿ ಆರುತ್ತದೆ, ದೀಪ ಆರುತ್ತದೆ. ಮೇಲಿನ ಹಸಿಯೋ ಬಿಸಿಯೋ ಉರಿಯೋ ಇಳಿದರೆ ಸಾಕು. ನಮ್ಮ ಪೇಂಟರ್ ಕೂಡ ಹೀಗೇ ಹೇಳುತ್ತಾರೆ: "ಈ ಕೋಟ್ ಆರ್ಲಿ ಸರ್, ಆಮೇಲೆ ಎರಡನೇದು." ಹೊಡೆಯುವ ಬಣ್ಣ ಬದಲಾಗಿದೆ, 'ಆರುವುದು' ಅನ್ನುವ ಮಾತು ಉಳಿದಿದೆ. ಕೋಟ್, ಪ್ರೈಮರ್ ಇಂಥವಕ್ಕೆ ಹೊಸ ಪದ ಕಟ್ಟಬೇಕು ಅಂತ ನನಗೇನೂ ಅನ್ನಿಸುವುದಿಲ್ಲ. ಗೋಡೆಗೆ ಹಾಕುವ ಪುಟ್ಟಿಯೂ ಇರಲಿ, ಬುಟ್ಟಿಯ ಅರ್ಥದ ನಮ್ಮ ಪುಟ್ಟಿಯ ಪಕ್ಕದಲ್ಲೇ ಅದು ಆರಾಮಾಗಿ ಬದುಕುತ್ತಿದೆ.

ನಿಮ್ಮನ್ನು ಕೇಳಲೇಬೇಕಾದ ಪದ ಬೇರೆ ಇದೆ. ಅಜ್ಜಿ ಮನೆ ಹಸನು ಮಾಡುವ ಪೂರ್ತಿ ಕೆಲಸಕ್ಕೆ 'ಸಾರಣೆ ಕಾರಣೆ' ಅನ್ನುತ್ತಿದ್ದರು. "ಸಾರಣೆ ಕಾರಣೆ ಆಯ್ತು, ಇನ್ನು ಹಬ್ಬ ಮಾಡಬಹುದು." ಸಾರಣೆ ಗೊತ್ತು, ಸಾರಿಸುವುದು. ಕಾರಣೆ ಬರೀ ಪ್ರಾಸಕ್ಕೆ ಸೇರಿದ್ದು, ತಿಂಡಿ ಗಿಂಡಿ ಅನ್ನುವ ಹಾಗೆ, ಅಂತ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಸುಣ್ಣ ಆರಿದ ಮೇಲೆ ಗೋಡೆಯ ಬುಡಕ್ಕೆ, ನೆಲದಿಂದ ಒಂದು ಗೇಣು ಎತ್ತರಕ್ಕೆ, ಕೆಮ್ಮಣ್ಣಿನಿಂದ ಎಳೆಯುವ ಪಟ್ಟೆಯೇ ಕಾರಣೆ. ಬಿಳಿ ಗೋಡೆ, ಕೆಳಗೆ ಕೆಂಪು ಅಂಚು, ಅದರ ಕೆಳಗೆ ಸಗಣಿ ಬಣ್ಣದ ನೆಲ. ಸೀರೆಗೆ ಅಂಚು ಇದ್ದಂತೆ ಗೋಡೆಗೆ ಕಾರಣೆ. ನೆಲ ಸಾರಿಸುವಾಗ ಸಿಡಿದ ಕಲೆ ಬಿಳಿಯ ಮೇಲೆ ಬೀಳದಂತೆ ತಡೆಯುವ ಉಪಾಯವೂ ಅದರಲ್ಲಿತ್ತು.

ಪಡಸಾಲೆಗೆ ತಿಳಿ ಹಸಿರು ಮುಗಿದ ಮೇಲೆ ಅಮ್ಮ ಪೇಂಟರ್‌ಗೆ ಹೇಳಿದರು: "ಕೆಳಗೆ ಒಂದು ಗೇಣು ಕೆಮ್ಮಣ್ಣು ಬಣ್ಣ ಎಳೆದುಬಿಡಪ್ಪ."

"ಸ್ಕರ್ಟಿಂಗಾ ಅಮ್ಮ?" ಅಂದರು ಅವರು.

"ಕಾರಣೆ" ಅಂದರು ಅಮ್ಮ.

ಪೇಂಟರ್ ದಾರ ಹಿಡಿದು ನೆಟ್ಟಗೆ ಗೆರೆ ಹಾಕಿಕೊಂಡು ಎಳೆದರು. ಕೆಂಪು ಬಂದ ಮೇಲೆ ಮೇಲಿನ ಹಸಿರು ಇನ್ನೂ ತಿಳಿಯಾಗಿ ಕಂಡಿತು.

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಕಾರಣೆ ಅನ್ನುವ ಪದ ಬಳಕೆಯಲ್ಲಿದೆಯಾ? ಇದ್ದರೆ ಅದು ಗೋಡೆಯ ಬುಡದ ಪಟ್ಟೆಗೆ ಮಾತ್ರವೋ, ಬಾಗಿಲು ಕಿಟಕಿಯ ಸುತ್ತ ಎಳೆಯುವುದಕ್ಕೂ ಅದೇ ಹೆಸರೋ? ಕೆಮ್ಮಣ್ಣಿನ ಕೆಂಪೇ ಇರಬೇಕೋ, ಬೇರೆ ಬಣ್ಣದ ಪಟ್ಟೆಯನ್ನೂ ಕಾರಣೆ ಅನ್ನುತ್ತಾರೋ? ಹೊಸದುರ್ಗ, ಚಳ್ಳಕೆರೆ, ಜಗಳೂರು, ಹರಪನಹಳ್ಳಿ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯಿರಿ. ಅವರು ಹೇಳಿದ ಹಾಗೇ, ಅವರ ಉಚ್ಚಾರದಲ್ಲೇ ಬರೆದರೆ ಇನ್ನೂ ಒಳ್ಳೆಯದು.