ಅಪ್ಪನ ಎಂಎಂ 540ಗೆ ಸಿಆರ್‌ಡಿಇ ಎಂಜಿನ್ ಹಾಕಿಸಬೇಕಾ?

ಶಿರ್ವ 540

ನಮಸ್ಕಾರ ಎಲ್ಲರಿಗೂ. ನಮ್ಮ ಮನೆಯಲ್ಲಿ 1989ರ ಮಹೀಂದ್ರ ಎಂಎಂ 540 ಜೀಪ್ ಉಂಟು. ಅಪ್ಪ ತೆಗೆದುಕೊಂಡ ಮೊದಲ ಗಾಡಿ. ತೆಂಗಿನಕಾಯಿ, ಕೊಬ್ಬರಿ, ಹಿಂಡಿ ಚೀಲ, ಮದುವೆ ದಿಬ್ಬಣ, ಎಲ್ಲ ಅದರಲ್ಲೇ. ವರ್ಷಕ್ಕೊಮ್ಮೆ ಕೊಲ್ಲೂರಿಗೆ ಹೋಗುತ್ತಿದ್ದದ್ದೂ ಅದರಲ್ಲೇ. ಹಿಂದಿನ ಉದ್ದ ಸೀಟಿನಲ್ಲಿ ಟರ್ಪಾಲಿನ ಹಗ್ಗ ಹಿಡಿದುಕೊಂಡು ಕೂತದ್ದು ನನಗೆ ಇನ್ನೂ ನೆನಪುಂಟು.

ಅಪ್ಪನ ಮೊಣಕಾಲು ನೋವು ಜಾಸ್ತಿಯಾದ ಮೇಲೆ ಓಡಿಸುವವರಿಲ್ಲ. ಆರು ವರ್ಷದಿಂದ ಹಟ್ಟಿ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಆರ್‌ಸಿ 2024ಕ್ಕೆ ಮುಗಿದಿದೆ. ನಿಲ್ಲಿಸುವ ಮೊದಲೇ ಬ್ರೇಕ್ ಮೂರು ಸಲ ಪಂಪ್ ಮಾಡಿದರೆ ಮಾತ್ರ ಹಿಡಿಯುತ್ತಿತ್ತು. ಸ್ಟೇರಿಂಗ್ ಅಂತೂ ನಿಂತಲ್ಲಿ ತಿರುಗಿಸಲು ಎರಡೂ ಕೈ ಸಾಲದು. ಹೆದ್ದಾರಿಯಲ್ಲಿ 60 ದಾಟಿದರೆ ಪಕ್ಕದವರ ಮಾತು ಕೇಳಿಸುವುದಿಲ್ಲ.

ನನಗೆ ಇದನ್ನು ಶೋಕೇಸಿನಲ್ಲಿ ಇಡಲಿಕ್ಕೆ ಅಲ್ಲ. ವಾರಕ್ಕೊಮ್ಮೆ ಮಣಿಪಾಲಕ್ಕೆ ತೆಗೆದುಕೊಂಡು ಹೋಗಬೇಕು, ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖ ಕಡೆ ಸುತ್ತಬೇಕು, ನನ್ನ ತಂಗಿಗೂ ಓಡಿಸಲು ಆಗಬೇಕು, ಅಪ್ಪ ಮುಂದಿನ ಸೀಟಿನಲ್ಲಿ ಕೂರಬೇಕು. ವರ್ಕ್‌ಶಾಪಿನವರೊಬ್ಬರು ಬಂದು ನೋಡಿ, ಹಳೇ ಪ್ಯೂಜೋ ಎಂಜಿನ್ ಬಿಸಾಡಿ, ಥಾರ್‌ನ 2.5 ಲೀಟರ್ ಸಿಆರ್‌ಡಿಇ (ಕಂಪ್ಯೂಟರ್ ನಿಯಂತ್ರಿಸುವ ಡೀಸೆಲ್ ಎಂಜಿನ್) ಕೂರಿಸುವ, ಐದು ಗೇರ್, ಪವರ್ ಸ್ಟೇರಿಂಗ್ ಎಲ್ಲ ಒಟ್ಟಿಗೆ ಮುಗಿಸುವ ಅಂತ ಹೇಳಿದರು. ನನ್ನ ಕೈಯಲ್ಲಿ ಈಗ ಇರುವುದು 3 ಲಕ್ಷ. ಏನು ಮಾಡಲಿ? ಎಲ್ಲಿಂದ ಶುರು ಮಾಡಲಿ?

ಕಾರ್ಕಳದ ಸೆಕೆಂಡ್ ಗೇರ್

ಎಂಜಿನ್ ಮಾತು ಸದ್ಯಕ್ಕೆ ಬಿಡಿ ಮಾರಾಯ್ರೆ. ಮೊದಲು ಬ್ರೇಕ್.

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಂದೂ 540. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ, ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ, ಪೆಡಲ್ ಸೀದಾ ಕೆಳಗೆ ಹೋಯಿತು. ಕಾಲಿನ ಕೆಳಗೆ ಏನೂ ಇಲ್ಲದ ಹಾಗೆ. ಮುಂದಿನ ಎಡ ಚಕ್ರದ ರಬ್ಬರ್ ಹೋಸ್ ಒಡೆದಿತ್ತು, ಅಷ್ಟೇ. ಆದರೆ ನನ್ನ ಗಾಡಿಯಲ್ಲಿ ಇದ್ದದ್ದು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಭಾಗ). ಒಂದು ಕಡೆ ಲೀಕ್ ಆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಫಸ್ಟ್ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಮಣ್ಣಿನ ದರೆಗೆ ಬಂಪರ್ ಒರೆಸಿ ನಿಲ್ಲಿಸಿದೆ. ಹಿಂದೆ ನನ್ನ ಮಗಳು ಕೂತಿದ್ದಳು. ಅವತ್ತಿನಿಂದ ಯಾರು ಕೇಳಿದರೂ ನನ್ನ ಮೊದಲ ಮಾತು ಇದೇ.

ಈಗ ಕೆಲಸದ ವಿಷಯ. ಎರಡು ಕೋಣೆಯ ಟ್ಯಾಂಡೆಮ್ ಮಾಸ್ಟರ್ ಸಿಲಿಂಡರ್, ಪೆಡಲ್ ಹಗುರ ಮಾಡುವ ಬೂಸ್ಟರ್, ಮುಂದೆ ಡಿಸ್ಕ್. ಹಿಂದೆ ಡ್ರಮ್ ಇದ್ದರೆ ಸಾಕು. ಡ್ರಮ್‌ಗಿರುವ ದೊಡ್ಡ ತೊಂದರೆ ನಮ್ಮ ಊರಿನ ಮಳೆ. ತೋಡು ದಾಟಿದ ಮೇಲೆ ಒಳಗೆ ನೀರು ನಿಂತರೆ ಒಣಗುವವರೆಗೆ ಹಿಡಿಯುವುದಿಲ್ಲ. ಡಿಸ್ಕ್‌ನಲ್ಲಿ ನೀರು ಅಲ್ಲೇ ಸಿಡಿದು ಹೋಗುತ್ತದೆ.

ಎರಡು ಕಡೆ ಜನ ಎಡವುತ್ತಾರೆ. ಒಂದು, ಬೂಸ್ಟರಿಗೆ ವ್ಯಾಕ್ಯೂಮ್, ಅಂದರೆ ಗಾಳಿಯ ಸೆಳೆತ, ಬೇಕು. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಮ್ಯಾನಿಫೋಲ್ಡ್‌ನಿಂದ ಸಿಗುತ್ತದೆ, ನಿಮ್ಮ ಡೀಸೆಲ್‌ನಲ್ಲಿ ಸಿಗುವುದಿಲ್ಲ. ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಹಾಕಿಸಿ. ಎರಡನೆಯದು ಇನ್ನೂ ಸೂಕ್ಷ್ಮ. ಡ್ರಮ್‌ಗಾಗಿ ಮಾಡಿದ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಸಣ್ಣ ವಾಲ್ವ್ ಇರುತ್ತದೆ, ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಲಿಕ್ಕೆ. ಅದು ಮುಂದಿನ ಲೈನಿನಲ್ಲಿ ಹಾಗೇ ಉಳಿದರೆ ಡಿಸ್ಕ್ ಪ್ಯಾಡ್ ಯಾವಾಗಲೂ ಉಜ್ಜುತ್ತಾ ಇರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಹಬ್ ಹತ್ತಿರ ಕೈ ಹಿಡಿದು ನೋಡಿ. ಕೈ ಇಡಲಿಕ್ಕೆ ಆಗದಷ್ಟು ಬಿಸಿ ಇದ್ದರೆ ಇದೇ ಕಾರಣ ಇರಬಹುದು.

ಎಂಜಿನ್ ಬಗ್ಗೆ ಒಂದೇ ಮಾತು. ನಿಮ್ಮದು ಪ್ಯೂಜೋದ ಎಕ್ಸ್‌ಡಿಪಿ 4.90, 2,112 ಸಿಸಿ. ಇಂಜೆಕ್ಟರ್ ತೆಗೆದು, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಕೈಯಿಂದ ತಿರುಗಿಸಿ. ತಿರುಗಿದರೆ ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ತೆಗೆಸಿ, ಕಂಪ್ರೆಷನ್ ನೋಡಿಸಿ. ಆರು ವರ್ಷ ನಿಂತ ಮಾತ್ರಕ್ಕೆ ಎಂಜಿನ್ ಸಾಯುವುದಿಲ್ಲ.

ಮಲ್ಪೆ ಬಂದರು

ನಾನು ಬೋಟಿನ ವೆಲ್ಡಿಂಗ್, ಪೇಂಟ್ ಕೆಲಸದವ. ಜೀಪ್ ಇಲ್ಲ, ಆದರೆ ತುಕ್ಕು ದಿನಾ ನೋಡುತ್ತೇನೆ.

ಬ್ರೇಕಿಗೂ ಮೊದಲು ಒಂದು ಸುತ್ತಿಗೆ ತೆಗೆದುಕೊಂಡು ಚಾಸಿಸ್ ಕೆಳಗೆ ಮಲಗಿ. ತಲೆಯಿಂದ ಬಾಲದವರೆಗೆ ಒಂದೊಂದು ಗೇಣಿಗೆ ಒಂದು ಪೆಟ್ಟು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತಿಂದುಹೋದ ಕಡೆ ದಪ್ ಅನ್ನುತ್ತದೆ, ಕಿವಿಗೇ ಗೊತ್ತಾಗುತ್ತದೆ. ಸ್ಪ್ರಿಂಗ್ ಪಟ್ಟಿ ಕೂರುವ ಬ್ರಾಕೆಟ್ ಸುತ್ತ, ಸ್ಟೇರಿಂಗ್ ಬಾಕ್ಸ್ ಕೂರುವಲ್ಲಿ, ಹಿಂದಿನ ಅಡ್ಡಪಟ್ಟಿಯಲ್ಲಿ ಚೆನ್ನಾಗಿ ನೋಡಿ. ಫ್ಲೋರಿನ ಕೆಳಗೆ ಟೋಪಿ ಆಕಾರದ ಚಾನೆಲ್ ಇರುತ್ತದಲ್ಲ, ಅದರೊಳಗೆ ಕೆಂಪು ಮಣ್ಣು ಕೂತು ಒಳಗಿನಿಂದ ತಿನ್ನುತ್ತದೆ. ಮೇಲಿಂದ ಪೇಂಟ್ ಹೊಳೆಯುತ್ತಾ ಇರುತ್ತದೆ. ನಮ್ಮ ಕಡೆ ಗಾಳಿಯಲ್ಲೇ ಉಪ್ಪು, ಜೊತೆಗೆ ಹೆದ್ದಾರಿಯಲ್ಲಿ ಮೀನಿನ ಲಾರಿಯಿಂದ ಸುರಿಯುವ ನೀರು. ಶಿರ್ವ ಸ್ವಲ್ಪ ಒಳಗೆ ಆದರೂ ನಿಮ್ಮ ಗಾಡಿ ಸಮುದ್ರದ ಬದಿ ಓಡಿದ್ದೇ ಅಲ್ವಾ.

ಚಾಸಿಸ್ ಬ್ಲಾಸ್ಟ್ ಮಾಡಿಸಿ (ಮರಳಿನಂಥ ಪುಡಿ ರಭಸದಿಂದ ಹೊಡೆದು ತುಕ್ಕು ತೆಗೆಯುವುದು), ಬಾಡಿಯ ತೆಳು ತಗಡಿಗೆ ಬೇಡ, ಡೊಂಕಾಗುತ್ತದೆ. ಬ್ಲಾಸ್ಟ್ ಆದ ಕಬ್ಬಿಣ ನಮ್ಮ ಹವೆಯಲ್ಲಿ ಕೆಲವೇ ಗಂಟೆಯಲ್ಲಿ ಕೆಂಪಾಗುತ್ತದೆ, ಆದ್ದರಿಂದ ಬೆಳಿಗ್ಗೆ ಬ್ಲಾಸ್ಟ್, ಅದೇ ದಿನ ಎರಡು ಡಬ್ಬಿ ಕಲಸುವ ಎಪಾಕ್ಸಿ ಪ್ರೈಮರ್. ಬರೀ ರೆಡ್ ಆಕ್ಸೈಡ್ ಬಳಿದು ಮುಗಿಸಬೇಡಿ, ನಮ್ಮ ಮಳೆಗೆ ಅದು ಸಾಲದು. ಈ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಏನೇ ಆದರೂ ಪತ್ತನಾಜೆಯ (ಮೇ ಕೊನೆಯ) ಒಳಗೆ ಮುಗಿಯಬೇಕು. ಆಮೇಲೆ ಗಾಳಿಯಲ್ಲಿ ತೇವ ಜಾಸ್ತಿ, ಪೇಂಟಿನ ಅಡಿಯಲ್ಲೇ ನೀರು ಸಿಕ್ಕಿಹಾಕಿಕೊಳ್ಳುತ್ತದೆ.

ತುಕ್ಕು ಹಿಡಿಯದ ಹಾಗೆ ಬೋಟಿಗೆ ಹಾಕುವ ಸತುವಿನ ತುಂಡನ್ನು ಜೀಪಿಗೆ ಬೋಲ್ಟ್ ಮಾಡಲು ಯಾರಾದರೂ ಹೇಳಿದರೆ ಕೇಳಬೇಡಿ. ಅದು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಕೆಲಸ ಮಾಡುವುದು. ಹಳೇ ಎಂಜಿನ್ ಆಯಿಲ್ ಸ್ಪ್ರೇ ಮಾಡುವುದೂ ಬೇಡ, ರಬ್ಬರ್ ಬುಶ್ ಉಬ್ಬಿ ಹಾಳಾಗುತ್ತದೆ, ಮೊದಲ ಮಳೆಗೆ ಅದೆಲ್ಲ ತೊಳೆದು ತೋಟಕ್ಕೇ ಹೋಗುತ್ತದೆ. ಟೊಳ್ಳು ಜಾಗಕ್ಕೆ ವ್ಯಾಕ್ಸ್ ಹೊಡೆಸಿ, ನೀರು ಇಳಿಯುವ ತೂತು ತೆರೆದಿಡಿ.

ಇನ್ನೊಂದು. ಬ್ಲಾಸ್ಟಿಗೆ ಕೊಡುವ ಮೊದಲು ಚಾಸಿಸ್ ನಂಬರ್ ಫೋಟೋ ತೆಗೆದು, ಪೆನ್ಸಿಲ್ ಪ್ರಿಂಟ್ ತೆಗೆದು, ಅದರ ಮೇಲೆ ದಪ್ಪ ಟೇಪ್ ಅಂಟಿಸಿ. ನಂಬರ್ ಮಾಸಿ ಹೋದರೆ ಆರ್‌ಟಿಒದಲ್ಲಿ ತುಂಬಾ ಕಷ್ಟ.

ಕೂಳೂರು ಡೀಸೆಲ್

ನಾನು ಸಿಆರ್‌ಡಿಇ ಹಾಕಿಸಿದವ. ಹಾಗಾಗಿ ಎರಡೂ ಕಡೆಯದ್ದು ಹೇಳುತ್ತೇನೆ.

ಓಡಿಸಲು ಭಾರೀ ಖುಷಿ. ಮೊದಲ ತಲೆಮಾರಿನ ಥಾರ್‌ನಲ್ಲಿ ಆ ಎಂಜಿನ್ 105 ಬಿಎಚ್‌ಪಿ ಶಕ್ತಿ, 247 ಎನ್‌ಎಂ ಎಳೆತ ಕೊಡುತ್ತಿತ್ತು, ನಿಮ್ಮ ಪ್ಯೂಜೋ ಎಂಜಿನ್‌ನ ಎಳೆತಕ್ಕೆ ಸುಮಾರು ಎರಡರಷ್ಟು. ಚಾರ್ಮಾಡಿ ಹತ್ತುವಾಗ ಮೂರನೇ ಗೇರಿನಲ್ಲೇ ಹೋಗುತ್ತೇನೆ. ಆದರೆ ಎಂಜಿನ್ ಒಂದನ್ನೇ ಬದಲಿಸಲು ಆಗುವುದಿಲ್ಲ. ರೇಡಿಯೇಟರ್, ಇಂಟರ್‌ಕೂಲರ್, ಡೀಸೆಲ್ ಲೈನ್, ಇಡೀ ವೈರಿಂಗ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ಅದರ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದಿದ್ದರೆ ಸ್ಟಾರ್ಟ್ ಆಗಲು ಬಿಡದ ಭಾಗ), ಎಲ್ಲ ಬೇಕು. ನನ್ನ ಕೆಲಸ ಮಾಡಿದವರು ಇಸಿಯುವನ್ನು ಡ್ಯಾಶ್ ಕೆಳಗೆ, ವಿಂಡ್‌ಶೀಲ್ಡ್ ರಬ್ಬರಿನಿಂದ ನೀರು ಸೋರುವ ಜಾಗದಲ್ಲೇ ಕೂರಿಸಿದ್ದರು. ಆಟಿಯ (ಜುಲೈ, ಆಗಸ್ಟ್‌ನ) ಮಳೆಯಲ್ಲಿ ಬಿ.ಸಿ. ರೋಡ್ ಹತ್ತಿರ ನಡುರಸ್ತೆಯಲ್ಲಿ ನಿಂತಿತು. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳೆಲ್ಲ ಹಸಿರು. ಹಳೇ ಎಕ್ಸ್‌ಡಿಪಿ ಆಗಿದ್ದರೆ ಯಾವ ಹಳ್ಳಿಯ ಮೆಕ್ಯಾನಿಕ್ ಆದರೂ ಒಂದು ಸ್ಪ್ಯಾನರ್ ಹಿಡಿದು ಎಬ್ಬಿಸುತ್ತಿದ್ದ.

ದೊಡ್ಡ ಮಾತು ಕಾಗದ ಪತ್ರದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಕೇರಳದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಎಂಜಿನ್ ಬದಲಿಸುವುದಾದರೆ ಮೊದಲೇ ಅನುಮತಿ ಪಡೆದು, ಆಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಬೇಕು. ಇಲ್ಲದಿದ್ದರೆ ಒಂದು ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಕೈಬಿಡಬಹುದು. ನಿಮ್ಮದು ಆರ್‌ಸಿ ಮುಗಿದ ಗಾಡಿ. ಫಾರ್ಮ್ 25 ಹಾಕಿ, ಇನ್ಸ್‌ಪೆಕ್ಷನ್‌ಗೆ ನಿಲ್ಲಿಸಿ ಐದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಗಾಡಿಯಲ್ಲೂ ಇದ್ದರೆ ಆ ಕೆಲಸ ಸಲೀಸು. ಬ್ರೇಕು, ಸ್ಟೇರಿಂಗ್‌ಗೆ ಕೈ ಹಾಕುವ ಮೊದಲೂ ಉಡುಪಿ ಆರ್‌ಟಿಒದಲ್ಲಿ ಒಂದು ಮಾತು ಕೇಳಿಕೊಂಡು ಬನ್ನಿ. ಇನ್ನು 50 ವರ್ಷ ತುಂಬಿದ ಗಾಡಿಗೆ 2021ರಲ್ಲಿ ವಿಂಟೇಜ್ ನಿಯಮ ಬಂದಿದೆ. ನಿಮ್ಮದಕ್ಕೆ 2039ರವರೆಗೆ ಕಾಯಬೇಕು, ಮತ್ತೆ ಅದರಲ್ಲಿ ಚಾಸಿಸ್, ಎಂಜಿನ್ ತುಂಬಾ ಬದಲಿಸಿದ ಗಾಡಿಗೆ ಜಾಗ ಇಲ್ಲ.

ಸದ್ದಿನ ಬಗ್ಗೆ. ಡಿಫರೆನ್ಷಿಯಲ್ ರೇಶಿಯೊ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ) 4.88 ಇದ್ದರೆ, 6.00-16 ಟೈರಿನಲ್ಲಿ, 80ರ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. 5.38 ಇದ್ದರೆ 3,150 ದಾಟುತ್ತದೆ. ಐದನೇ ಗೇರ್ 0.85 ಇರುವ ಗೇರ್‌ಬಾಕ್ಸ್ ಹಾಕಿದರೆ ಆ 2,900 ಸುತ್ತು ಸುಮಾರು 2,450ಕ್ಕೆ ಇಳಿಯುತ್ತದೆ. ನಿಮಗೆ ಬೇಕಾದ ಸುಖ ಅಲ್ಲೇ ಉಂಟು, ಎಂಜಿನ್ ಬದಲಿಸದೆ. ಮುಂದಿನ, ಹಿಂದಿನ ಚಕ್ರಕ್ಕೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಮಾತ್ರ ಹಳೆಯದ್ದೇ ಇರಲಿ. ಹಳೇ ಜೀಪಿನ ಹಿಂದಿನ ಡಿಫರೆನ್ಷಿಯಲ್ ನಡುವಿನಲ್ಲಿ ಇಲ್ಲ, ಬಲಗಡೆಗೆ ಸರಿದಿದೆ. ಔಟ್‌ಪುಟ್ ನಡುವಿಗೆ ಬರುವ ಹೊಸ ಕೇಸ್ ಕೂರಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಜಾಯಿಂಟ್ ತಿನ್ನುತ್ತದೆ. ಗೇರ್‌ಬಾಕ್ಸ್ ಉದ್ದ ಬದಲಾದರೆ ಎರಡೂ ಶಾಫ್ಟ್ ಲೇತಿನಲ್ಲಿ ಸರಿಮಾಡಿಸಿ, ಬ್ಯಾಲೆನ್ಸ್ ಮಾಡಿಸಬೇಕು.

ಬ್ರಹ್ಮಾವರ ಜಿಪ್ಸಿ

ಪವರ್ ಸ್ಟೇರಿಂಗ್ ಬಗ್ಗೆ ಮಾತ್ರ. ನನ್ನ ಜಿಪ್ಸಿಗೆ ಸಣ್ಣ ಕಾರಿನ ಎಲೆಕ್ಟ್ರಿಕ್ ಕಾಲಮ್ ಹಾಕಿಸಿದ್ದೇನೆ. ಮನೆ ಅಂಗಳದಲ್ಲಿ ಒಂದೇ ಕೈಯಲ್ಲಿ ತಿರುಗುತ್ತದೆ. ಆದರೆ ಅದಕ್ಕೆ ಗಾಡಿಯ ವೇಗ ಗೊತ್ತಾಗಬೇಕು. ಸ್ಪೀಡ್ ಸಿಗ್ನಲ್ ಕೊಡದೆ ಕೂರಿಸಿದರೆ 80ರಲ್ಲೂ ಅಷ್ಟೇ ಹಗುರ, ಮರವಂತೆಯ ಹತ್ತಿರ ಸಮುದ್ರದ ಗಾಳಿ ಬಡಿದಾಗ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ನಿಮ್ಮದು ಬದಿ ತೆರೆದ ಗಾಡಿ, ಒಳಗೆ ನೀರು ಬರುವುದೇ. ಬೊಲೆರೋದ ಹೈಡ್ರಾಲಿಕ್ ಬಾಕ್ಸ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಆದರೆ ಅದು ಕೂರುವಲ್ಲಿ ಚಾಸಿಸ್‌ಗೆ ಒಳಗಿನಿಂದ ಪ್ಲೇಟ್ ಕೊಡಿಸಲೇಬೇಕು. ಇಲ್ಲದಿದ್ದರೆ ಅಲ್ಲೇ ಸೀಳುತ್ತದೆ.

ಶಿರ್ವ 540

ಮೂರು ವಾರ ಆಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಒಂದೊಂದನ್ನೇ ಮಾಡಿ ನೋಡಿದೆ.

ಹಿಂದಿನ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿದೆವು. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಹಾಕಿದ ಸುಣ್ಣದ ಗುರುತು ಐದು ಸುತ್ತಿಗೆ ಸ್ವಲ್ಪ ಕಡಿಮೆ ಬಂತು. ಅಂದರೆ 4.88. ಎಂಜಿನ್ ಕೈಯಲ್ಲಿ ತಿರುಗಿತು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚುಕಡಿಮೆ ಒಂದೇ ಉಂಟು. ಎಂಜಿನ್ ಬದಲಿಸುವುದಿಲ್ಲ.

ಸುತ್ತಿಗೆ ಪೆಟ್ಟು ಮಾತ್ರ ಬೇಸರದ್ದು. ಬಲಗಡೆ, ಹಿಂದಿನ ಸ್ಪ್ರಿಂಗ್ ಬ್ರಾಕೆಟಿನ ಮುಂದೆ ದಪ್ ಅಂದಿತು. ಎರಡನೇ ಪೆಟ್ಟಿಗೆ ಸುತ್ತಿಗೆ ಒಳಗೇ ಹೋಯಿತು. ಬೆರಳು ಹಾಕಿ ಎಳೆದರೆ ಒಣಗಿದ ಕೆಂಪು ಮಣ್ಣು, ಅದರ ಜೊತೆ ತೆಂಗಿನ ನಾರು, ಮುಷ್ಟಿ ತುಂಬಾ. ಅಪ್ಪ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದರು. ಆ ನಾರನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ಬಿಡಲಿಲ್ಲ.

ತೂತು ಒಂದು ಅಂಗೈಯಷ್ಟು ಉಂಟು. ಸುತ್ತಲಿನ ಕಬ್ಬಿಣ ಗಟ್ಟಿ ಇದೆ. ಪ್ಯಾಚ್ ಹಾಕಿದರೆ ಸಾಕಾ, ಚಾಸಿಸ್‌ನ ಇಡೀ ರೈಲ್ (ಉದ್ದದ ಪಟ್ಟಿ) ಬದಲಿಸಬೇಕಾ?

ಮಲ್ಪೆ ಬಂದರು

ಪ್ಯಾಚ್ ಸಾಕು. ತಿಂದ ಭಾಗ ಪೂರ್ತಿ ಕತ್ತರಿಸಿ, ಗಟ್ಟಿ ಕಬ್ಬಿಣ ಸಿಗುವವರೆಗೆ. ಚಾಸಿಸ್ ಎಷ್ಟು ದಪ್ಪ ಉಂಟೋ ಅಷ್ಟೇ ದಪ್ಪದ ಪ್ಲೇಟ್. ಅದನ್ನು ಚೌಕವಾಗಿ ಕತ್ತರಿಸಬೇಡಿ, ಗಾಳಿಪಟದ ಹಾಗೆ ಓರೆ ಮಾಡಿ. ರೈಲಿಗೆ ಅಡ್ಡವಾಗಿ ಮೇಲಿಂದ ಕೆಳಗೆ ನೇರ ವೆಲ್ಡ್ ಬಂದರೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಗಾಡಿ ಜಾಕಿನ ಮೇಲೆ ತೂಗಾಡುತ್ತಾ ಇರಬಾರದು, ನಾಲ್ಕೂ ಕಡೆ ಸಮನಾಗಿ ಸ್ಟ್ಯಾಂಡ್ ಮೇಲೆ ಕೂತಿರಬೇಕು.

ಭಾನುವಾರ ನನಗೆ ಪುರುಸೊತ್ತು ಉಂಟು, ಶಿರ್ವಕ್ಕೆ ಬಂದು ನೋಡುತ್ತೇನೆ. ಎಡಗಡೆಯ ರೈಲನ್ನೂ ಅದೇ ಜಾಗದಲ್ಲಿ ಬಡಿದು ಇಟ್ಟಿರಿ.